ಕುದುರೆ ತಲೆಯ ಚೂರಿಯ ಊರು

ಲಚ್ಯಾಣದ ಸಿದ್ದಲಿಂಗವ್ವನ ಗಂಡ ಚಂದಪ್ಪ ಮಿಲಿಟರಿಯಲ್ಲಿ ಲಾರಿ ಡ್ರೈವರ್ ಆಗಿದ್ದವನು. ಮಾತು ಬಲು ಕಡಿಮೆ. ನೌಕರಿ ಮುಗಿಸಿ ಊರಿಗೆ ಬಂದಾಗ ಅವನ ಸೊಂಟದಲ್ಲೊಂದು ಗಿಡ್ಡ ಚೂರಿಯಿತ್ತು. ಚರ್ಮದ ಒರೆ, ಹಳದಿ ಕಟ್ಟಿಗೆಯ ಹಿಡಿ, ಹಿಡಿಯ ತುದಿಗೆ ಹಿತ್ತಾಳೆಯ ಕುದುರೆ ತಲೆ. ಅದರಿಂದಲೇ ಕೊಡಲಿ ಕಾವು ಹೆರೆಯುತ್ತಿದ್ದ. ಎಲ್ಲಿಯದೆಂದು ಹೆಂಡತಿ ಕೇಳಿದರೆ, ಗೆಳೆಯ ಕೊಟ್ಟಿದ್ದು ಅಂದು ಸುಮ್ಮನಾಗುತ್ತಿದ್ದ.

ಎಪ್ಪತ್ಮೂರನೆಯ ಇಸವಿಯಲ್ಲಿ ಅವನು ಕಾಮಾಲೆಯಿಂದ ತೀರಿಕೊಂಡ. ವರ್ಷದ ಊಟಕ್ಕೆ ಬಂದಿದ್ದ ಅವನ ದೊಡ್ಡಪ್ಪನ ಮಗ ಪರಪ್ಪ ಗೂಟದಲ್ಲಿ ತೂಗುತ್ತಿದ್ದ ಚೂರಿ ನೋಡಿ, ಇದು ಲಡಾಯಿಯಲ್ಲಿ ಸತ್ತವನ ಸೊಂಟದಿಂದ ಬಿಚ್ಚಿಕೊಂಡದ್ದು, ಮನೆಗೆ ಕೇಡು, ಭೀಮಾ ನದಿಗೆ ಒಗೆದು ಬಾ ಎಂದ. ಉಣ್ಣುತ್ತ ಕೂತವರು ತಲೆಯಾಡಿಸಿದರು.

ಸಿದ್ದಲಿಂಗವ್ವ ಸಾರಿನ ಸೌಟು ಕೆಳಗಿಟ್ಟಳು.

"ಅವರು ಹೆಣದ ಮ್ಯಾಲೆ ಕೈ ಹಾಕೂ ಮನಷ್ಯಾ ಅಲ್ಲರಿ, ಭಾವಾರ. ಇದು ಎಲ್ಲೀದು ಅಂತ ತಿಳಕೊಂಡು ಬರ್ತೇನಿ. ಅಲ್ಲೀತನಾ ಯಾರೂ ಮುಟ್ಟಬ್ಯಾಡ್ರಿ."

ಮರುದಿನವೇ ಸಿಂದಗಿ ಬಸ್ಸು ಹತ್ತಿದಳು. ಸಂತೆಯಲ್ಲಿ ಸಾಣೆ ಹಿಡಿಯುವ ಮಲಿಕಸಾಬ ಚೂರಿಯನ್ನು ತಿರುವಿ ತಿರುವಿ ನೋಡಿ, ಇದು ಕಾದಾಡುವ ಹತಾರವಲ್ಲ, ಕಟ್ಟಿಗೆ ಕೆತ್ತುವುದು ಎಂದ. ಉಕ್ಕು ನಮ್ಮ ಕಡೆಯದಲ್ಲ. ಯಾವ ದೇಶದ್ದೋ ತನಗೆ ತಿಳಿಯದು ಅಂತಲೂ ಹೇಳಿದ. ಊರಿಗೆ ಮರಳಿ ಅವಳು ಹೇಳಿದ್ದನ್ನು ಕೇಳಿ ಪರಪ್ಪ, ಹಾಗಾದರೆ ಕದ್ದಿರಬೇಕು ಎಂದು ನಕ್ಕ.

ಅವಳು ಜಗಳಕ್ಕೆ ನಿಲ್ಲಲಿಲ್ಲ. ಮಿಲಿಟರಿಯವರು ಕಳಿಸಿದಾಗ ಚಂದಪ್ಪನ ಜೊತೆ ಪರದೇಶಕ್ಕೆ ಹೋಗಿದ್ದ ಮಡಿವಾಳಪ್ಪ ಎಂಬ ಡ್ರೈವರ್ ಮುದ್ದೇಬಿಹಾಳದ ಕಡೆಯವನೆಂದಷ್ಟೇ ಅವಳಿಗೆ ಗೊತ್ತಿತ್ತು. ಮುದ್ದೇಬಿಹಾಳಕ್ಕೆ ಹೋಗಿ, ಮಿಲಿಟರಿಯಲ್ಲಿದ್ದು ಬಂದವರ ಮನೆಮನೆ ಕೇಳಿದಳು. ಅವನು ಬಸವನ ಬಾಗೇವಾಡಿಯಲ್ಲಿ ಮಗಳ ಮನೆ ಸೇರಿದ್ದಾನೆ ಎಂದರು. ಅಲ್ಲಿಗೂ ಹೋದಳು.

ಕಟ್ಟೆಯ ಮೇಲೆ ಕೂತಿದ್ದ ಮಡಿವಾಳಪ್ಪ ಚೂರಿ ಕೈಗೆ ಬಂದೊಡನೆ ಕುದುರೆ ತಲೆಯನ್ನು ಹೆಬ್ಬೆರಳಿಂದ ಸವರಿದ. ಮಿಲಿಟರಿಯಲ್ಲಿ ಇಂಗ್ಲಿಷ್ ಅಕ್ಷರ ಕಲಿತಿದ್ದವನು ಅಲಗಿನ ಮೇಲಿನ ಸವೆದ ಮುದ್ರೆಯನ್ನು ಕೂಡಿಸಿ ಓದಿದ. "ಕೌಹಾವ. ಫಿನ್‌ಲ್ಯಾಂಡ್ ದೇಶದಾಗಿನ ಊರು, ತಂಗೆವ್ವ. ಇದು ಎರ್ಕಿಯ ಚೂರಿ."

ಐವತ್ತೇಳರಲ್ಲಿ ಅವರಿಬ್ಬರೂ ಗಾಜಾದಲ್ಲಿದ್ದರಂತೆ. ಲಡಾಯಿ ನಿಂತ ಮೇಲೆ ಗಡಿ ಕಾಯಲು ವಿಶ್ವಸಂಸ್ಥೆಯ ಪರವಾಗಿ ಹಲವು ದೇಶದ ಪಡೆಗಳು ಬಂದಿದ್ದವು, ಎಲ್ಲರ ತಲೆಗೂ ಒಂದೇ ನೀಲಿ ಟೊಪ್ಪಿಗೆ. ಎರ್ಕಿ ಎಂಬ ಫಿನ್‌ಲ್ಯಾಂಡಿನ ಸಿಪಾಯಿ ಒಂದು ದಿನ ಚಂದಪ್ಪನ ಲಾರಿಯ ಹಿಂದೆ ಕೂತಿದ್ದ. ಹಿಂದಿನ ಗಾಲಿ ಉಸುಕಿನಲ್ಲಿ ಹುಗಿದ ಬಾಂಬಿನ ಮೇಲೆ ಹಾಯಿತು. ಎರ್ಕಿಯ ಕಾಲು ಚೂರಾಯಿತು. ಸುತ್ತ ಇನ್ನೆಷ್ಟು ಬಾಂಬು ಇದ್ದವೋ; ಚಂದಪ್ಪ ಅವನನ್ನು ಹೆಗಲ ಮೇಲೆ ಹಾಕಿಕೊಂಡು, ಬಂದ ಗಾಲಿಯ ಗುರುತಿನಲ್ಲೇ ಹೆಜ್ಜೆಯಿಡುತ್ತ ಠಾಣ್ಯ ಮುಟ್ಟಿಸಿದ. ದವಾಖಾನೆಯಲ್ಲಿ ಎರ್ಕಿ ತನ್ನ ಚೂರಿಯನ್ನು ಅವನ ಕೈಗಿಟ್ಟ.

"ಅವರೊಳಗ ಸೊಂಟದ ಚೂರಿ ಕೊಟ್ರಂದ್ರ ದೊಡ್ಡ ಮಾನ ಕೊಟ್ಟಂಗ. ಚಂದಪ್ಪ ಒಲ್ಲೆ ಅಂದಿದ್ದ. ಗಾಲಿ ನಂದು, ಕಾಲು ಅವಂದು ಹೋತು ಅಂತಿದ್ದ."

ಗಂಡ ಯಾಕೆ ಬಾಯಿ ಬಿಡಲಿಲ್ಲ ಎಂಬುದು ಸಿದ್ದಲಿಂಗವ್ವನಿಗೆ ಆಗ ತಿಳಿಯಿತು. ಕಣ್ಣೊರೆಸಿಕೊಂಡು, ಈ ಮಾತನ್ನು ಲಚ್ಯಾಣಕ್ಕೆ ಬಂದು ಹೇಳಬೇಕು ಎಂದಳು. ಮೊಣಕಾಲು ನೋವೆಂದು ಅವನು ಹಿಂದೆಮುಂದೆ ನೋಡಿದ. ಅವಳು ಎದ್ದು ಹೋಗಿ ಬಸ್ಸಿನ ಹೊತ್ತು ಕೇಳಿಕೊಂಡು ಬಂದಳು. ರಟ್ಟೆ ಹಿಡಿದು ಅವನನ್ನು ಹತ್ತಿಸಿಕೊಂಡೇ ಊರಿಗೆ ಬಂದಳು.

ಪರಪ್ಪನ ಅಂಗಳದಲ್ಲೇ ಮಡಿವಾಳಪ್ಪ ಎಲ್ಲವನ್ನೂ ಹೇಳಿದ.

"ನಾ ಹಂಗ ಅನಬಾರದಿತ್ತು," ಎಂದ ಪರಪ್ಪ.

ಆಮೇಲೆ ಯಾರು ಕೇಳಿದರೂ ಸಿದ್ದಲಿಂಗವ್ವ ಆ ಚೂರಿಯ ಊರಿನ ಹೆಸರು ಸಮೇತ ಇಡೀ ಸಂಗತಿ ಹೇಳುತ್ತಿದ್ದಳು. ಬಾಂಬಿನ ಮೇಲೆ ಹಾಯ್ದದ್ದು ತನ್ನ ಗಂಡನ ಗಾಲಿಯೇ ಎಂಬುದನ್ನೂ ಬಿಡುತ್ತಿರಲಿಲ್ಲ.