ಪೌಡರ್ ಹಚ್ಚಿಕೊಂಡ ಹಂತಕ

ದೇವದುರ್ಗದಲ್ಲಿ ಮೌನೇಶ್ವರಿಯ ಫೋಟೋ ಸ್ಟುಡಿಯೊಕ್ಕೆ ಹೋದವರು ಮೊದಲು ಕನ್ನಡಿಯ ಮುಂದೆ ನಿಲ್ಲಬೇಕು. ಅದು ಅಲ್ಲಿಯ ಕಾಯಿದೆ. ಕನ್ನಡಿಯ ಕೆಳಗೆ ಒಂದು ಹಲಗೆ, ಹಲಗೆಯ ಮೇಲೆ ಹಲ್ಲು ಮುರಿದ ಬಾಚಣಿಕೆ, ಪೌಡರ್ ಡಬ್ಬಿ, ಮೆತ್ತನೆಯ ಒಂದು ಕುಂಚ. ಬಂದವರು ಕುರಿ ಕಾಯುವವರಿರಲಿ, ಹೊಸದಾಗಿ ನೌಕರಿ ಹತ್ತಿದ ಮಾಸ್ತರರಿರಲಿ, ಅವರ ತಲೆ ಬಾಚಿ, ಕೊರಳ ಬೆವರು ಒರೆಸಿ, ಹಣೆಗೆ ಪೌಡರ್ ಬಡಿದ ಮೇಲೆಯೇ ಅವಳು ಬಿಳಿ ಪರದೆಯ ಮುಂದೆ ಕೂಡಿಸುವುದು.

"ಟೊಪ್ಪಿಗಿ ತಗೀರಿ. ಯವ್ವಾ, ಸೆರಗು ಹಿಂದಕ್ಕ ಸರಿಸು, ಎರಡೂ ಕಿವಿ ಕಾಣಬೇಕು. ಗದ್ದ ಮ್ಯಾಲೆ. ನಗಬ್ಯಾಡ್ರಿ."

ಈ ಮಾತು ಅವಳದಲ್ಲ, ಶಂಶುದ್ದೀನ್ ಉಸ್ತಾದರದು. ಅವಳ ಅವ್ವ, ಅಪ್ಪ ಹತ್ತಿ ಬಿಡಿಸಲು ಹೋಗುವ ಕೂಲಿಯವರು. ಮೌನೇಶ್ವರಿ ಲಂಗ ಉಡುವ ಕಾಲಕ್ಕೇ ಉಸ್ತಾದರ ಸ್ಟುಡಿಯೊದ ಕಸ ಹೊಡೆಯಲು ಬಂದವಳು. ಕಸಬರಿಗೆ ಹಿಡಿದೇ ಅವರ ಕೈ ನೋಡುತ್ತ ನೋಡುತ್ತ ಕ್ಯಾಮೆರಾ ಹಿಡಿದಳು. "ಮುಖದ ಮ್ಯಾಲ ಏನೂ ಮುಚ್ಚುಮರಿ ಇರಬಾರದು ಬೇಟಿ" ಎಂದು ಹೇಳುತ್ತಿದ್ದ ಉಸ್ತಾದರು ಕಣ್ಣು ಮಂಜಾದ ಮೇಲೆ ಬೀಗದ ಕೈಯನ್ನು ಅವಳ ಉಡಿಯಲ್ಲಿ ಹಾಕಿ ಮಗಳ ಊರಿಗೆ ಹೋದರು. ಅಂದಿನಿಂದ ಇಂದಿನವರೆಗೆ ಊರಿನ ಅರ್ಧ ಜನರ ಮುಖವನ್ನು ಅವಳೇ ತೊಳೆದಿದ್ದಾಳೆ ಅಂದರೂ ನಡೆದೀತು.

ಆದರೆ ಒಂದು ಕೊರಗು ಇತ್ತು. ರಾಯಚೂರಿನಲ್ಲಿ ಫೋಟೋದವರ ಒಂದು ಬಳಗ ಇದೆ. ವರ್ಷಕ್ಕೊಮ್ಮೆ ಅವರು ಫೋಟೋಗಳನ್ನು ಗೋಡೆಗೆ ತೂಗುಹಾಕಿ ಜನರಿಗೆ ತೋರಿಸುತ್ತಾರೆ. ಮೌನೇಶ್ವರಿ ಪ್ರತಿ ವರ್ಷ ಕೊಡುತ್ತಿದ್ದಳು, ಪ್ರತಿ ವರ್ಷ ವಾಪಸು ಬರುತ್ತಿತ್ತು. ಎಮ್ಮೆಯ ಫೋಟೋ ತೆಗೆದರೂ ಅದು ಎರಡು ಕಿವಿ ಮುಂದೆ ಮಾಡಿಕೊಂಡು ರೇಷನ್ ಕಾರ್ಡಿಗೆ ಕೂತಂತೆಯೇ ಕಾಣುತ್ತಿತ್ತು. ಬಳಗದ ಕಾರ್ಯದರ್ಶಿ ಗೌತಮ, ಕಾಲೇಜಿನಲ್ಲಿ ಪಾಠ ಹೇಳುವ ಹುಡುಗ, ಅವಳಿಗೆ 'ಪಾಸ್‌ಪೋರ್ಟ್ ಅಕ್ಕ' ಎಂದೇ ಹೆಸರಿಟ್ಟಿದ್ದ. ಅವಳೂ ಎಲ್ಲರ ಜೊತೆ ನಗುತ್ತಿದ್ದಳು. ಬಸ್ಸು ಹತ್ತಿದ ಮೇಲೆ ಮಾತ್ರ ಕಿಟಕಿಯ ಕಡೆ ಮುಖ ಮಾಡಿ ಕೂಡುತ್ತಿದ್ದಳು.

ಈ ವರ್ಷದ ವಿಷಯ 'ಹಂತಕರು'. ಒಬ್ಬೊಬ್ಬರು ಮೂರು ಫೋಟೋ ಕೊಡಬೇಕು: ವಿಡಿಯೋ ಗೇಮಿನ ಹಂತಕ ಒಂದು, ಆಟಿಕೆ ಸಾಮಾನಿನದೊಂದು, ಬೇಟೆಯಾಡಿ ತಿನ್ನುವ ಹುಳದ್ದೊಂದು.

"ಈ ಸಲ ಆ ಗ್ವಾಡಿಗಿ ನನ್ನ ಹೆಸರಿನ ಮೊಳಿ ಬಡಿಸೇ ಬಡಿಸ್ತೀನಿ" ಎಂದು ತಮ್ಮ ಶೇಖರನ ಮುಂದೆ ಹೇಳಿಬಿಟ್ಟಳು.

ಶೇಖರ ಸರ್ಕಾರಿ ಕಚೇರಿಯ ಗುಮಾಸ್ತ. ಭಾನುವಾರ ಬಂತೆಂದರೆ ಲುಂಗಿ ಸುತ್ತಿಕೊಂಡು ಟಿವಿಯ ಮುಂದೆ ಕೂತು ಗೇಮ್ ಆಡುವವನು. ಅವನ ಗೇಮಿನ ಹಂತಕ ತಲೆಯ ಮೇಲೆ ಕೂಸುಗಳ ಕುಂಚಿಗೆಯಂಥ ಮುಸುಕು ಹಾಕಿಕೊಂಡು, ಚಾಕು ಹಿಡಿದು ಮಾಳಿಗೆಯಿಂದ ಮಾಳಿಗೆಗೆ ಜಿಗಿಯುತ್ತಿದ್ದ. ಮೌನೇಶ್ವರಿ ಟಿವಿಯ ಎದುರು ಕ್ಯಾಮೆರಾ ನಿಲ್ಲಿಸಿದಳು.

"ಏ ಶೇಖರ, ಅಂವಗ ಆ ಕುಂಚಿಗಿ ತಗಿ ಅನ್ನು."

"ಅದನ್ನ ತಗಿಯಾಕ ಬರಂಗಿಲ್ಲಕ್ಕ!"

"ಕಿವಿನೇ ಕಾಣವಲ್ದು. ಸ್ವಲ್ಪ ಇತ್ತ ನೋಡಾಕರ ಹೇಳು."

"ಅಂವ ಇತ್ತ ನೋಡಿದ್ರ ಹಿಂದಿನವ ಬಂದು ಚುಚ್ಚತಾನ. ನೋಡಿಲ್ಲಿ! ಹೋತು, ಸತ್ತ. ನಿನ್ನ ಫೋಟೋದ ಸಲುವಾಗಿ ಸತ್ತ!"

ಅದು ಹಾಗಾಯಿತು. ಬಸ್ ಸ್ಟ್ಯಾಂಡಿನ ಹೊರಗೆ ಆಟಿಕೆ ಸಾಮಾನು ಮಾರುವ ನಬೀಸಾಬರ ಹತ್ತಿರ ಕತ್ತಿ ಹಿಡಿದ ಒಂದು ಗೊಂಬೆ ಸಿಕ್ಕಿತು. ಮುಖಕ್ಕೆ ಕರಿ ಅರಿವೆ ಅಂಟಿಸಿದ್ದರು. ಅಲ್ಲಿಯೇ ನಿಂತು ಕತ್ತರಿಯಿಂದ ಅರಿವೆ ಬಿಡಿಸಿದಳು. ಒಳಗೆ ಸುಲಿದ ಕೋಳಿಮೊಟ್ಟೆಯ ಹಾಗೆ ನುಣ್ಣಗೆ!

"ಚಾಚಾ, ಇದಕ್ಕ ಮೂಗು ಸೈತ ಇಲ್ಲಲ್ರಿ!"

"ಮುಚ್ಚಿದ ಮ್ಯಾಲ ಮೂಗ್ಯಾಕ ಬೇಟಿ? ಅದೇನು ವಾಸನಿ ನೋಡ್ತದ?" ಎಂದು ನಬೀಸಾಬರು ಬಾಯಿ ತುಂಬ ಎಲೆ ಇಟ್ಟುಕೊಂಡೇ ನಕ್ಕರು.

ಹುಳದ ಚಿಂತೆ ಉಳಿಯಿತು. ಅವಳ ಚಿಗವ್ವ ಅಂಬಮ್ಮ ಮಾನ್ವಿಯ ಒಂದು ಅಕ್ಕಿ ಗಿರಣಿಯಲ್ಲಿ ಕಸ ಹೊಡೆಯುತ್ತಾಳೆ. ಸುದ್ದಿ ಕೇಳಿ ಅವಳೇ ಕರೆಸಿಕೊಂಡಳು. ಚೀಲಗಳ ಸಂದಿಯಲ್ಲಿ ಒಂದು ಸಣ್ಣ ಕಸದ ಗುಂಪಿ ತಾನೇ ನಡೆಯುತ್ತಿತ್ತು.

"ತಗೋ ನಿನ್ನ ಕೊಲೆಗಾರ. ಇರುವಿ ಹಿಡದು ರಸ ಹೀರತದ, ಆಮ್ಯಾಲ ಅದೇ ಹೆಣ ಬೆನ್ನ ಮ್ಯಾಲ ಹೊತಗೊಂಡು ತಿರಗತದ. ಕೈಲೆ ಮುಟ್ಟೀಯ ಮತ್ತ, ಚುಚ್ಚಿದ್ರ ಬೆಂಕಿ ಇಟ್ಟಂಗ ಆಗತದ."

ಹಂತಕ ತಿಗಣೆ ಎಂಬ ಹುಳದ ಮರಿ ಅದು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಕೊಂಡು ಸ್ಟುಡಿಯೊಕ್ಕೆ ತಂದು, ಬಿಳಿ ಅರಿವೆಯ ಮೇಲೆ ಬಿಟ್ಟು, ಲೆನ್ಸಿನಲ್ಲಿ ನೋಡಿದಳು. ಮೈತುಂಬ ಧೂಳು, ಇರುವೆಯ ತಲೆ, ಇರುವೆಯ ಕಾಲು. ಅಯ್ಯೋ, ಇಷ್ಟು ಹೊಲಸಾಗಿ ಯಾರಾದರೂ ಫೋಟೋಕ್ಕೆ ಕೂಡುತ್ತಾರೆಯೇ? ಕೈ ತಾನೇ ಕುಂಚದ ಕಡೆ ಹೋಯಿತು. ಮೆಲ್ಲಗೆ, ಎಳೆಯ ಕೂಸಿಗೆ ಎರೆದಷ್ಟು ಅಕ್ಕರೆಯಿಂದ, ಬೆನ್ನೆಲ್ಲ ಜಾಡಿಸಿ ಸ್ವಚ್ಛ ಮಾಡಿದಳು. ಎದುರಿನಿಂದ ಒಂದು ಫೋಟೋ ತೆಗೆದು ಗೌತಮನ ಮೊಬೈಲಿಗೆ ಕಳಿಸಿದಳು.

ಗಳಿಗೆಯಲ್ಲಿ ಫೋನ್ ಬಂತು. "ಅಕ್ಕಾ, ಇದು ಯಾರ ಪಾಸ್‌ಪೋರ್ಟು? ಉಪಾಸ ಬಿದ್ದ ತಿಗಣಿ ಇದ್ದಂಗ ಅದ. ಹಂತಕ ಎಲ್ಲಿ? ನಾಳಿ ಸಂಜೀಕ ಪ್ರಿಂಟಿಗೆ ಕೊಡಬೇಕು ನೋಡ್ರಿ."

ಅಂಬಮ್ಮನಿಗೆ ಫೋನ್ ಹಚ್ಚಿದರೆ ಅವಳು ಬಿದ್ದು ಬಿದ್ದು ನಕ್ಕಳು. "ಅಯ್ಯ ನನ್ನ ಮಗಳ, ಅದರ ಸೀರಿನೇ ಬಿಚ್ಚಿದೆಲ್ಲ! ಮಂದಿ ಮುಂದ ಹೆಂಗ ನಿಲ್ಲಬೇಕದು?"

"ಈಗೇನ ಮಾಡ್ಲಿ ಚಿಗವ್ವ?"

"ಧೂಳ ಹಾಕಿ ಸುಮ್ಕ ಕೂಡು. ತಾನೇ ಉಟಗೋತದ."

ಮರುದಿನ ಮುಂಜಾನೆ ಬಾಗಿಲು ತೆಗೆದವಳೇ ಹಿತ್ತಿಲಿಗೆ ಹೋಗಿ ಒಂದು ಹಿಡಿ ಧೂಳು ತಂದಳು. ನೋಡಿದರೆ ಡಬ್ಬಿಯ ಮುಚ್ಚಳ ಸರಿದಿದೆ, ಡಬ್ಬಿ ಖಾಲಿ. ಅದೇ ಹೊತ್ತಿಗೆ ಫೋಟೋಕ್ಕೆಂದು ಒಬ್ಬ ಗೌಡರು ಒಳಗೆ ಬಂದು ಕುರ್ಚಿ ಎಳೆದರು.

"ಕೂಡಬ್ಯಾಡ್ರಿ ಯಪ್ಪಾ! ಹಂತಕ ತಪ್ಪಿಸಿಗೊಂಡಾನ, ಇಲ್ಲೇ ಎಲ್ಲೋ ಅದಾನ!"

ಗೌಡರು ಚಪ್ಪಲಿಯನ್ನೂ ಮೆಟ್ಟದೆ ಬೀದಿಗೆ ಬಿದ್ದರು.

ಮೌನೇಶ್ವರಿ ಪರದೆ ಜಾಡಿಸಿದಳು, ನೆಲಕ್ಕೆ ಕೆನ್ನೆ ಹಚ್ಚಿ ನೋಡಿದಳು. ಈ ಸಲವೂ ಹೋಯಿತು, ಎಂದು ಎದ್ದು ನಿಂತವಳಿಗೆ ಕನ್ನಡಿಯ ಹಲಗೆಯ ಮೇಲೆ ಏನೋ ಅಲುಗಿದ್ದು ಕಂಡಿತು. ಚೆಲ್ಲಿದ ಪೌಡರಿನ ನಡುವೆ ಹುಳ ನಿಂತಿತ್ತು. ಹಿಂಗಾಲಿನಿಂದ ಪೌಡರ್ ಎತ್ತುತ್ತಿತ್ತು, ಬೆನ್ನ ಮೇಲೆ ಹಾಕಿಕೊಳ್ಳುತ್ತಿತ್ತು. ಒಂದು ಸಲ ಆ ಕಾಲು, ಒಂದು ಸಲ ಈ ಕಾಲು. ಮದುವೆಗೆ ಹೊರಟ ಹೆಂಗಸಿನ ಹಾಗೆ ಏನೂ ಅವಸರವಿಲ್ಲ. ಎದುರಿನ ಕನ್ನಡಿಯಲ್ಲಿ ಅದರ ಚೂಪು ಸೊಂಡಿಲು, ಈಚೆ ಬದಿಗೆ ಬೆಳ್ಳಗಾಗುತ್ತಿದ್ದ ಬೆನ್ನು.

"ಗದ್ದ ಮ್ಯಾ..." ಎಂದವಳು ಮಾತು ನುಂಗಿ, ಉಸಿರು ಹಿಡಿದು, ಕ್ಯಾಮೆರಾ ಒತ್ತಿದಳು. ಮೈ ಪೂರ್ತಿ ಮುಚ್ಚುವ ತನಕ ಒತ್ತುತ್ತಲೇ ಇದ್ದಳು.

ಆಮೇಲೆ ಅವಳನ್ನು ಹಿಡಿಯುವವರಿಲ್ಲ. ಗೊಂಬೆಯ ಮುಖಕ್ಕೆ ಅರಿವೆ ಮತ್ತೆ ಅಂಟಿಸಿ ಬಾಗಿಲ ಸಂದಿಯಲ್ಲಿ ನಿಲ್ಲಿಸಿ ತೆಗೆದಳು. ಊಟಕ್ಕೆ ಬಂದ ಶೇಖರನನ್ನು ಟಿವಿಯ ಮುಂದೆ ಕೂಡಿಸಿ, "ಅಂವ ಹೆಂಗರ ಇರ್ಲಿ, ನೀ ಆಡು" ಎಂದಳು. ಕುಂಚಿಗೆಯವನು ಬೆನ್ನು ತಿರುಗಿಸಿ ಮಾಳಿಗೆಯಿಂದ ಹಾರುವ ಹೊತ್ತಿಗೆ ತೆಗೆದಳು. ಸಂಜೆಗೆ ಮೂರೂ ಗೌತಮನಿಗೆ ಮುಟ್ಟಿದವು. ಅವನು ಒಂದೇ ಮಾತು ಬರೆದ: "ಅಕ್ಕಾ, ಬಾಗಲದ ಎದುರಿನ ಗ್ವಾಡಿ ನಿಮ್ಮದು."

ರಾಯಚೂರಿನಲ್ಲಿ ಗೋಡೆಯ ಮುಂದೆ ಜನ ಕಿಕ್ಕಿರಿದಿತ್ತು. ಮಾನ್ವಿಯಿಂದ ಗಿರಣಿಯ ಪಾಳಿ ಮುಗಿಸಿ ಹಾಗೆಯೇ ಬಸ್ಸು ಹತ್ತಿ ಬಂದ ಅಂಬಮ್ಮನ ತಲೆಯಲ್ಲಿ ಇನ್ನೂ ತೌಡು ಇತ್ತು. ಫೋಟೋ ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು.

"ಯವ್ವಾ, ಬೀಗರ ಮನಿಗಿ ಹೊಂಟಂಗ ಅದಲ್ಲೇ! ಇದರ ಬಾಜೂಕ ನಂದೂ ಒಂದು ತಗಿ."

"ನಿಲ್ಲು" ಎಂದು ಮೌನೇಶ್ವರಿ ಕ್ಯಾಮೆರಾ ಎತ್ತಿದಳು.

"ಹಿಂಗೇ ನಿಲ್ಲಬೇಕ? ಹುಳಕ್ಕ ಪೌಡರ್ ಕೊಟ್ಟೀದಿ, ಚಿಗವ್ವಗ ಇಲ್ಲೇನು?"

ಮೌನೇಶ್ವರಿ ಚೀಲದೊಳಗಿನ ಡಬ್ಬಿ ತೆಗೆದು ಅಂಬಮ್ಮನ ಕೈಯಲ್ಲಿಟ್ಟಳು. "ತಗೋ ಬೇ, ನೀನೇ ಹಚಗೋ" ಎಂದು ಹೇಳಿ, ಅಂಬಮ್ಮ ಪೌಡರ್ ಅಂಗೈಗೆ ಸುರುವಿಕೊಳ್ಳುವಷ್ಟರಲ್ಲಿ ಫೋಟೋ ತೆಗೆಯಲು ಶುರು ಮಾಡಿಯೇಬಿಟ್ಟಿದ್ದಳು.