ಟರ್ಬೊ, ಟರಬೂಜ ಮತ್ತು ನಮ್ಮ ಸ್ಟೋವು

ಪಂಪಿನ ಸ್ಟೋವಿಗೆ ಒಂದು ಸಣ್ಣ ಅಹಂಕಾರವಿದೆ. ಬರ್ನರು ಕಾಯಿಸಿ, ತಿರುಪು ಬಿಗಿದು, ಕೈ ಸೋಲುವಷ್ಟು ಪಂಪು ಒತ್ತಿದರೂ ಅದು ಒಡನೆ ಒಲಿಯುವುದಿಲ್ಲ. ಉರಿಯನ್ನು ಒಮ್ಮೆ ಒಳಕ್ಕೆಳೆದುಕೊಂಡು, ಆರಿಯೇ ಹೋಯಿತೇನೋ ಎಂದು ನಮಗೆ ಅನಿಸುವಷ್ಟು ಹೊತ್ತು ಸುಮ್ಮನಿದ್ದು, ಆಮೇಲೆ ಭುಸ್ಸೆಂದು ನೀಲಿಯಾಗಿ ಎದ್ದು ನಿಲ್ಲುತ್ತದೆ. ಆ ಸುಮ್ಮನಿರುವ ಹೊತ್ತಿಗೆ ಬೇರೆ ಮನೆಗಳಲ್ಲಿ ಹೆಸರಿದೆಯೋ ಇಲ್ಲವೋ ನನಗೆ ತಿಳಿಯದು. ಬೆಳಗಾವಿಯ ಖಾಸಬಾಗದ ನಮ್ಮ ಎರಡು ಕೋಣೆಯ ಮನೆಯಲ್ಲಿ ಅದಕ್ಕೆ ‘ಟರ್ಬೊದ ತಡ’ ಎನ್ನುತ್ತಾರೆ.

ಹೀಗೆಂದರೆ ನಮ್ಮದು ಮೋಟಾರು ಸಂಪತ್ತಿನ ಮನೆತನವೆಂದು ನೀವು ತಿಳಿಯಬಾರದು. ನಮ್ಮಲ್ಲಿರುವುದು ಒಂದು ಸೈಕಲ್ಲು, ಅದರ ಹಿಂದಿನ ಬ್ರೇಕು ಹೆಸರಿಗಷ್ಟೇ. ನಮ್ಮ ಮನೆಯವರು ಎರಕದ ಕಾರ್ಖಾನೆಯೊಂದರಲ್ಲಿ ಗುಮಾಸ್ತರು. ಅವರ ಸಾಲಿ ಕಾಲದ ಗೆಳೆಯ ಗೌಸಣ್ಣನದು ಖಾನಾಪುರದಲ್ಲಿ ಕಟ್ಟಿಗೆಯ ಅಡ್ಡೆ. ಗೌಸಣ್ಣನ ತಮ್ಮ ಎಪ್ಪತ್ತರ ದಶಕದ ನಡುವಿನಲ್ಲಿ ಅರಬರ ನಾಡಿಗೆ ಹೋದವನು ಅತ್ತರು, ಖರ್ಜೂರಗಳ ಜೊತೆಗೆ ಕಾರುಗಳ ಚಿತ್ರವಿರುವ ನುಣುಪು ಕಾಗದದ ಪತ್ರಿಕೆಗಳನ್ನು ಕಳಿಸತೊಡಗಿದ್ದೇ, ಈ ಇಬ್ಬರು ಮಧ್ಯವಯಸ್ಕರಿಗೆ ಒಂದು ಶಾಸ್ತ್ರಾರ್ಥದ ವಿಷಯ ದೊರಕಿತು. ವೇಗದ ಕಾರಿಗೆ ಎಂಟು ಸಿಲಿಂಡರಿನ ದೊಡ್ಡ ಇಂಜಿನ್ನು ಮೇಲೋ, ಟರ್ಬೊ ಹಚ್ಚಿದ ನಾಲ್ಕು ಸಿಲಿಂಡರಿನ ಸಣ್ಣದು ಮೇಲೋ? ಗ್ಯಾಸಿಗೆ ಹೆಸರು ಬರೆಸಿ ವರುಷಗಳು ಉರುಳಿದರೂ ಮನೆಗೆ ಒಂದೇ ಒಂದು ಸಿಲಿಂಡರು ಬಾರದಿದ್ದ ನನಗೆ, ನಾಲ್ಕು ಸಾಲದೆಂದು ಎಂಟಕ್ಕಾಗಿ ಜಗಳವಾಡುವವರನ್ನು ಕಂಡು ನಗು ಬರುತ್ತಿತ್ತು.

ಟರ್ಬೊ ಎಂಬ ಶಬ್ದ ಮೊದಲ ಸಲ ಕಿವಿಗೆ ಬಿದ್ದ ದಿನವಂತೂ ನಗೆಗೆ ಗುರಿಯಾದವಳು ನಾನೇ. “ಮುಂದಿನ ಆಯತವಾರ ಟರ್ಬೊ ತರ್ತೀನಿ ನೋಡ್ರಿ ವೈನಿ, ನಿಮ್ಮ ಯಜಮಾನ್ರ ಬಾಯಿ ಬಂದ್ ಆಗ್ತೈತಿ” ಎಂದು ಗೌಸಣ್ಣ ಹೇಳಿಹೋದ. ಬಾಜೂ ಮನೆಯ ಮರಾಠಿ ಬಾಯಂದಿರ ಒಡನಾಟದಲ್ಲಿ ಕಲ್ಲಂಗಡಿಗೆ ಟರಬೂಜ ಎನ್ನುವುದು ನನಗೂ ರೂಢಿಯಾಗಿತ್ತು. ಆ ರವಿವಾರ ದೊಡ್ಡ ಪರಾತದ ತಟ್ಟೆ ತೊಳೆದು, ಚಾಕು ಮಸೆದು, ಬೀಜಕ್ಕೆಂದು ಬೇರೆ ಬಟ್ಟಲಿಟ್ಟು ಕುಳಿತೆ. ಗೌಸಣ್ಣ ಬಂದು ಬಗಲಿನಿಂದ ಪತ್ರಿಕೆ ತೆಗೆದ. “ಟರಬೂಜ ಎಲ್ಲೈತ್ರಿ?” ಎಂದೆ. ಇಬ್ಬರೂ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಅಂದಿನಿಂದ ಸಣ್ಣ ಇಂಜಿನ್ನಿನ ಪಕ್ಷಕ್ಕೆ ನಮ್ಮಲ್ಲಿ ಟರಬೂಜ ಪಕ್ಷವೆಂದೇ ನಾಮಕರಣವಾಯಿತು.

ಆ ಪಕ್ಷದ ಏಕಮಾತ್ರ ಸದಸ್ಯ ಗೌಸಣ್ಣ. ಇಂಜಿನ್ನು ತಾನು ಬಿಟ್ಟ ಹೊಗೆಯಿಂದಲೇ ಒಂದು ಚಕ್ರ ತಿರುಗಿಸಿ, ಆ ಚಕ್ರ ಹೊಸ ಗಾಳಿಯನ್ನು ಒಳಕ್ಕೆ ಒತ್ತಿ ತುರುಕಿ, ಸಣ್ಣದರಿಂದ ದೊಡ್ಡದರ ಕೆಲಸ ತೆಗೆಯುವುದೇ ಟರ್ಬೊ ಎಂದು ಅವನು ಚಹದ ಬಟ್ಟಲನ್ನೇ ಚಕ್ರ ಮಾಡಿ ತೋರಿಸುತ್ತಿದ್ದ. “ಬಿಟ್ಟ ಉಸುರು ವಾಪಸ್ ಕೆಲಸಕ್ಕ ಬರ್ತೈತಲ್ಲೋ ಮಲ್ಲೂ, ಇದಕ್ಕಿಂತ ಬರಕತ್ ಏನೈತಿ?” ಮನೆಯವರ ಉತ್ತರ ಸಿದ್ಧವಾಗಿರುತ್ತಿತ್ತು. “ಅದು ಬಡವನ ಎದಿ ಮ್ಯಾಲ ಕೂತು ದುಡಿಸಿದಂಗೋ ಗೌಸ್ಯಾ. ದೊಡ್ಡ ಇಂಜಿನ್ನು ದಣಿಯೂದಿಲ್ಲ. ನಿಂದು ಕಾಲು ಒತ್ತಿದ್ರ ಮೊದಲ ವಿಚಾರ ಮಾಡ್ತೈತಿ, ಆಮ್ಯಾಲ ಓಡ್ತೈತಿ.” ದೊಡ್ಡದು ನಿರಾಯಾಸದ್ದು, ದೊಡ್ಡದು ದೀರ್ಘಾಯುಷಿ ಎಂಬುದು ಅವರ ಸಿದ್ಧಾಂತ. ಹತ್ತು ವರುಷ ಕೇಳಿ ಕೇಳಿ ಆ ಸಿದ್ಧಾಂತ ನನ್ನ ರಕ್ತಕ್ಕೂ ಇಳಿದಿತ್ತು.

ಒಮ್ಮೆ ನಾನು ಚಿತ್ರ ನೋಡಿ, ಇಷ್ಟು ದೊಡ್ಡ ಕಾರಿನಲ್ಲಿ ಎರಡೇ ಆಸನವೇಕೆಂದು ಕೇಳಿದ್ದೆ. “ನಮಗ ಎರಡ ಸಾಕಲ್ಲ” ಎಂದರು ಮನೆಯವರು, ಪತ್ರಿಕೆಯಿಂದ ತಲೆ ಎತ್ತದೆ. ಮಕ್ಕಳಾಗದ ಮನೆಯಲ್ಲಿ ಆ ಮಾತು ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಆದರೆ ಒಂದು ಕಾರನ್ನು ಮಾಡಿದವರು ನಮ್ಮಂಥವರನ್ನು ನೆನೆದೇ ಮಾಡಿದ್ದಾರಲ್ಲ ಎಂದು, ಆ ದಿನ ಲಿಂಗಪೂಜೆಗೆ ಕುಳಿತಾಗ ಅದನ್ನೂ ಸ್ವಾಮಿಯ ಕೃಪೆಯ ಲೆಕ್ಕಕ್ಕೆ ಸೇರಿಸಿಕೊಂಡೆ.

ಹೋದ ಮಳೆಗಾಲ ಮುಗಿದ ಮೇಲೆ ಖಾನಾಪುರಕ್ಕೆ ಹೋಗಿದ್ದೆವು. ಗೌಸಣ್ಣನ ಮನೆಯಲ್ಲಿ ಚಹ ಮುಗಿಸಿ ಮಲಪ್ರಭೆಯ ದಂಡೆಗೆ ಇಳಿದು, ತಿರುಗಿ ಮೆಟ್ಟಿಲೇರುವಾಗ ಮನೆಯವರು ನಡುವೆ ನಿಂತುಬಿಟ್ಟರು. ಮೇಲಿನಿಂದ ಗೌಸಣ್ಣ, “ಯಾಕೋ ಎಂಟು ಸಿಲಿಂಡರ್, ಪೆಟ್ರೋಲ್ ತೀರಿತೇನು?” ಎಂದು ಕೂಗಿದ. ಇವರು ಕೈಯೆತ್ತಿ, ಉಸಿರು ಕೂಡಿಸಿಕೊಂಡು, “ಇವತ್ತ ನಿನ್ನ ಟರ್ಬೊ ಹಾಕ್ಕೊಂಡ ಬಂದೀನಿ, ತಡಾ ಮಾಡಾಕತ್ತೈತಿ” ಎಂದರು. ಎಲ್ಲರೂ ನಕ್ಕೆವು. ಎದುರಾಳಿಯ ಇಂಜಿನ್ನನ್ನು ಅವರು ತಮ್ಮದೆಂದದ್ದು ಅದೇ ಮೊದಲು.

ಆಮೇಲೆ ಅವರ ಕಾಲು ಬಾತವು. ಬೆಳಗಾವಿಯ ಆಸ್ಪತ್ರೆಯಲ್ಲಿ ಡಾಕ್ಟರು ಎದೆಯ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು, “ಇವರ ಹಾರ್ಟ್ ಭಾಳ ದೊಡ್ಡದಾಗೈತ್ರಿ ಅಕ್ಕಾರ” ಎಂದರು.

ನಾನು ಏನೆಂದೆ ಎಂದು ನಿಮಗೆ ಹೇಳಲು ನಾಚಿಕೆಯಾಗುತ್ತದೆ. “ದೊಡ್ಡದಾಗೈತ್ರಿ? ಛಲೋ ಆತಲ್ರಿ!” ಎಂದೆ.

ಡಾಕ್ಟರು ನನಗೆ ಕಿವಿ ಮಂದವೆಂದುಕೊಂಡು ಇನ್ನೊಮ್ಮೆ ಗಟ್ಟಿಯಾಗಿ ಹೇಳಿದರು. ಉಪ್ಪು ಬಿಡಿಸಿರಿ, ಮೆಟ್ಟಿಲು ಹತ್ತಿಸಬೇಡಿರಿ, ಹೆಚ್ಚು ಮಾತಾಡಿಸಬೇಡಿರಿ ಎಂದರು. ಬೆಲೆಬಾಳುವ ವಸ್ತುವಿಗೆ ಜೋಪಾನ ಇರಲೇಬೇಕಲ್ಲ ಎಂದು ನಾನು ತಲೆಯಾಡಿಸಿದೆ. ದಾರಿಯಲ್ಲಿ ಮಠದ ಮುಂದೆ ಇಳಿದು, ಗದ್ದುಗೆಗೆ ಸಕ್ಕರೆ ನೈವೇದ್ಯ ಮಾಡಿಸಿ, ಅಲ್ಲಿದ್ದ ಹೆಂಗಸರಿಗೆಲ್ಲ ಹಂಚಿದೆ. ನಮ್ಮ ಮನೆಯವರದು ದೊಡ್ಡ ಹೃದಯವಂತೆ ಎಂದು ನಾನು ಹೇಳಿದರೆ ಅವರೂ ಸಂತೋಷಪಟ್ಟು ಸಕ್ಕರೆ ತಿಂದರು. ಇಡೀ ಬೆಳಗಾವಿಯಲ್ಲಿ ಈ ರೋಗಕ್ಕೆ ಸಕ್ಕರೆ ಹಂಚಿದವಳು ನಾನೊಬ್ಬಳೇ ಇರಬೇಕು.

ಅದರ ಅರ್ಥವನ್ನು ನನಗೆ ತಿಳಿಸಿದವನು ಗೌಸಣ್ಣ, ಅದೂ ಮೊದಲು ಬಾಯಿಬಿಟ್ಟು ಹೇಳದೆ. ವಾರದ ನಡುವೆ, ಅಡ್ಡೆಯ ಕೆಲಸ ಬಿಟ್ಟು ಬಂದ. ಹೊಸ್ತಿಲಲ್ಲಿ ಎಂದಿನಂತೆ ಹಂಗಿಸಲಿಲ್ಲ. ಬಗಲಲ್ಲಿ ಪತ್ರಿಕೆಯಿರಲಿಲ್ಲ, ಖರೇ ಖರೇ ಟರಬೂಜ, ಹಸುಗೂಸಿನಷ್ಟು ದೊಡ್ಡದು, ಎರಡೂ ಕೈಯಲ್ಲಿ ಹಿಡಿದಿದ್ದ. ನಾನು ಪರಾತ, ಚಾಕು ತೆಗೆದುಕೊಂಡು ಅಡಿಗೆ ಮನೆಯ ಬಾಗಿಲಲ್ಲಿ ಕುಳಿತೆ. ಮಂಚದ ಅಂಚಿಗೆ ಕುಳಿತ ಗೌಸಣ್ಣ ಚಾದರದ ದಾರ ಎಳೆಯುತ್ತ, “ಮಲ್ಲೂ, ಖರೇ ಹೇಳ್ತೀನಿ, ನೀನ ಗೆದ್ದಿ. ದೊಡ್ಡ ಇಂಜಿನ್ನ ಛಲೋ” ಎಂದ.

ನನ್ನ ಕೈಯ ಚಾಕು ಹಣ್ಣಿನ ಸಿಪ್ಪೆಯ ಮೇಲೆ ನಿಂತಿತು. ಹತ್ತು ವರುಷದಲ್ಲಿ ಕೂದಲೆಳೆಯಷ್ಟೂ ಬಿಟ್ಟುಕೊಡದ ಮನುಷ್ಯ ಅವನು.

ಮನೆಯವರು ಅವನ ಮುಖ ನೋಡಿದರು. “ಡಾಕ್ಟರ ಕಡೆ ಹೋಗಿ ಬಂದೀ ಹೌದಲ್ಲೋ?”

ಗೌಸಣ್ಣ ಚಾದರದ ದಾರವನ್ನು ಬೆರಳಿಗೆ ಸುತ್ತಿಕೊಂಡ.

“ಹಿಂಗ ಸೋಲಬ್ಯಾಡೋ ಮಾರಾಯಾ. ನೀ ಸೋತಿ ಅಂದ್ರ ನಂದು ಮುಗೀತಂತ ತಿಳ್ಕೋಬೇಕಾಗ್ತೈತಿ.”

ಅವನು ಹೋಗುವಾಗ ಹೊರಗೆ ನಿಲ್ಲಿಸಿ ಕೇಳಿದೆ. ಜಗ್ಗಿ ಜಗ್ಗಿ ಸಡಿಲಾದ ಚೀಲದಂತೆ, ಕೈಲಾಗದೆ ಉಬ್ಬಿದ ದೊಡ್ಡತನ ಆ ಹೃದಯದ್ದು ಎಂದ. ಅದನ್ನು ಮತ್ತೆ ಸಣ್ಣದು ಮಾಡುವ ಔಷಧ ಇಲ್ಲವೆಂದ. ಆ ಹಣ್ಣನ್ನು ನಾವು ಕೊಯ್ಯಲಿಲ್ಲ.

ಅಲ್ಲಿಂದ ಮುಂದೆ ಮನೆಯಲ್ಲಿ ಮೌನವೇ ಪಥ್ಯವಾಯಿತು. ಗೌಸಣ್ಣ ಬಂದರೂ ಮಳೆಯ ಮಾತು, ಅಡ್ಡೆಯ ತೇಗದ ಮಾತು ಆಡಿ ಎದ್ದುಹೋಗುತ್ತಿದ್ದ. ಜಗಳ ಅವನ ಗಂಟಲಿನಿಂದ ಏಳಲೇ ಇಲ್ಲ. ಮನೆಯವರು ದಿಂಬಿಗೊರಗಿ ಗೋಡೆಗೆ ಮುಖ ಮಾಡಿ ಕುಳಿತಿರುತ್ತಿದ್ದರು, ಪತ್ರಿಕೆಗಳು ಬಿಚ್ಚದೆ ಬಿದ್ದಿರುತ್ತಿದ್ದವು. ಡಾಕ್ಟರು ಹೇಳಿದಂತೆಯೇ ಎಲ್ಲ ನಡೆದಿತ್ತು. ಆದರೆ ಹೀಗೆ ಸದ್ದಿಲ್ಲದೆ ಕಾಯ್ದುಕೊಂಡರೆ ಅವರಲ್ಲಿ ಉಳಿಯುವುದಾದರೂ ಏನು ಎಂದು ನನಗೆ ಅಂಜಿಕೆಯಾಗತೊಡಗಿತು. ನಿಧಾನವಾಗಿ, ಒತ್ತಡವಿಲ್ಲದೆ, ಬಹುಕಾಲ ನಡೆಯುವುದು ಮೇಲೋ, ಗಾಳಿ ತುರುಕಿ ಭುಸ್ಸೆನ್ನಿಸಿ ಬೇಗ ಸವೆಸುವುದು ಮೇಲೋ? ಹತ್ತು ವರುಷ ನಗುತ್ತ ಕೇಳಿದ ಪ್ರಶ್ನೆಯನ್ನು ಈಗ ನಾನೊಬ್ಬಳೇ ಬಿಡಿಸಬೇಕಾಯಿತು. ಅಂಗೈಯ ಲಿಂಗವನ್ನು ದಿಟ್ಟಿಸಿ ಕುಳಿತೆ, ವಿಭೂತಿ ಕಣ್ಣೀರಿನಲ್ಲಿ ಕದಡಿತು.

ಒಂದು ಬೆಳಿಗ್ಗೆ ಸ್ಟೋವಿಗೆ ಪಂಪು ಒತ್ತುತ್ತ, ಒಳಗೆ ಕೇಳುವಂತೆ, “ನನ್ನ ಕೇಳಿದ್ರ ನಾಲ್ಕು ಸಿಲಿಂಡರಿನ ಇಂಜಿನ್ನ ಛಲೋ ನೋಡ್ರಿ. ಗೌಸಣ್ಣ ಸೋತ್ರ ಸೋಲ್ಲಿ, ಟರಬೂಜ ಪಾರ್ಟಿಗೆ ಇವತ್ತಿಂದ ನಾ ಅದೀನಿ” ಎಂದೆ.

ಪಂಪು ಇನ್ನೂ ನಾಲ್ಕಾರು ಸಲ ಒತ್ತಿದೆ. ಆಮೇಲೆ ಮಂಚ ಕಿರುಗುಟ್ಟಿತು. “ನಿನಗೇನ ತಿಳೀತೈತಿ! ಗ್ಯಾಸಿನ ಸಿಲಿಂಡರ ಕಂಡಿಲ್ಲ, ಇಂಜಿನ್ನಿನ ಮಾತಾಡ್ತಾಳ!” ಎಂದು ಶುರುವಾಗಿ, ಮೂರು ಮಾತಿಗೊಮ್ಮೆ ನಿಂತು, ದಮ್ಮು ಕಟ್ಟಿ, ಮತ್ತೆ ಶುರುವಾಗಿ, ದೊಡ್ಡ ಇಂಜಿನ್ನಿನ ಮಹಿಮೆಯನ್ನೆಲ್ಲ ಹೇಳಿ ಮುಗಿಸಿದರು. ಆ ಹೊತ್ತು ಅವರ ತುಟಿ ನೀಲಿಗಟ್ಟಿತ್ತು. ಕಣ್ಣು ಮಾತ್ರ ನನ್ನನ್ನು ಸೋಲಿಸಿದ ಹುರುಪಿನಲ್ಲಿ ಹೊಳೆಯುತ್ತಿತ್ತು. ನಾನು ಅವರಿಗೆ ಆಯುಷ್ಯ ಕೊಡುತ್ತಿದ್ದೇನೋ ಕಸಿಯುತ್ತಿದ್ದೇನೋ, ಇಂದಿಗೂ ಅರಿಯೆ.

ಅರಿಯದೆಯೇ ದಿನಾಲು ವಾದಿಸುತ್ತೇನೆ. ಅರ್ಧ ಬಟ್ಟಲು ಚಹ ಒಳಗೆ ಹೋದರೆ ಒಂದು ಕೃಪೆ, ದಿಂಬಿಗೊರಗಿ ತುಸು ಕಣ್ಣು ಮುಚ್ಚಿದರೆ ಇನ್ನೊಂದು, ನನ್ನನ್ನು ದಡ್ಡಿ ಎಂದು ಬೈದರೆ ಅದು ಎಲ್ಲಕ್ಕಿಂತ ದೊಡ್ಡದು. ಹೆಚ್ಚಿನದನ್ನು ಸ್ವಾಮಿಯಲ್ಲಿ ಈಗ ಬೇಡುವುದಿಲ್ಲ. ಬೇಡಿದರೆ ಇಲ್ಲವೆನ್ನಬೇಕಾಗಿ ಬಂದು ಅವನಿಗೂ ಸಂಕಟವಾದೀತು.

ಇಂದು ಬೆಳಿಗ್ಗೆಯೂ ಸ್ಟೋವು ಹಚ್ಚಿದೆ. ಉರಿ ಕುಗ್ಗಿತು. ಅದೇ ಹೊತ್ತಿಗೆ ಒಳಗೆ ಅವರ ಉಸಿರಿನ ಸದ್ದೂ ನಿಂತಿತು. ಕಡ್ಡಿಪೆಟ್ಟಿಗೆ ಮುಷ್ಟಿಯಲ್ಲಿ ಹಿಡಿದು, ಮೊದಲು ಯಾವುದು ಏಳುತ್ತದೋ ಎಂದು ಕುಳಿತೆ. ಸ್ಟೋವು ಭುಸ್ಸೆಂದಿತು. ಒಳಗಿನಿಂದ ಇನ್ನೂ ಏನೂ ಇಲ್ಲ. ಕಡ್ಡಿಪೆಟ್ಟಿಗೆ ಕೆಳಗಿಟ್ಟು ಏಳಹೋದೆ.

“ನೋಡಿದೇನು?” ಎಂದರು ಕೊನೆಗೆ. “ತಡಾ ಮಾಡ್ತು.”

“ಮಾಡ್ಲಿ ಬಿಡ್ರಿ,” ಎಂದೆ, ಚಹದ ಪಾತ್ರೆ ಇಡುತ್ತ. “ಹತ್ತಿತಲ್ಲ.”