ಕುರಿಗಳು ಆರಿಸಿದ ರಾಜ

ಸಂಖ ಊರಿನ ನಮ್ಮ ಶಾಲೆಯ ನಾಟಕದಲ್ಲಿ ರಾಜನಾಗಲು ಮೂವರು ಜಗಳವಾಡಿದ್ದಾರೆ. ಸುದ್ದಿ ತಂದವಳು ಮೊಮ್ಮಗಳು ಗೌರಿ. ಮೂವರಲ್ಲಿ ಅವಳೂ ಒಬ್ಬಳು. ರಾಜನ ಹೊದಿಕೆಗೆ ನನ್ನ ಹಳೆಯ ಕಂಬಳಿ ಬೇಕಂತೆ. ಟ್ರಂಕು ತೆಗೆದೆ. ಉಣ್ಣೆಯ ವಾಸನೆ ಬಂದದ್ದೇ ತಡ, ನಾನು ಬಾಲ್ಯದ ಗೆಳೆಯ ಬೀರಣ್ಣನ ಕುರಿಹಟ್ಟಿಯಲ್ಲಿದ್ದೆ.

ಆಗ ನಮ್ಮ ಜತ್ತ ಸಂಸ್ಥಾನ ಭಾರತದಲ್ಲಿ ವಿಲೀನವಾದ ಹೊಸತು. ನಮ್ಮ ಶಾಲೆಯ ನಾಟಕದ ರಾಜ ಬೀರಣ್ಣ. ಆದರೆ ಅವನ ಅಪ್ಪ ಮೇವಿಗಾಗಿ ಕುರಿ ಹೊಡೆದುಕೊಂಡು, ಮಗನನ್ನೂ ಕರೆದುಕೊಂಡು, ಹೊಳೆಯ ಕಡೆ ಹೊರಟು ನಿಂತಿದ್ದರು.

"ರಾಜಾ ಹೋದ್ರ ಹೋಗ್ಲಿ ಬಿಡ್ರೋ, ನಾ ಅದೀನಲ್ಲ" ಎಂದ ಮಂತ್ರಿ ಪಾತ್ರದ ಹುಡುಗ, ಕಿರಾಣಿ ಅಂಗಡಿಯವರ ಮಗ ಮಲ್ಲು. ನಮಗದು ಒಪ್ಪಿಗೆಯಾಗಲಿಲ್ಲ. ಬೀರಣ್ಣನ ಅಪ್ಪನನ್ನು ಕೇಳಿಕೊಳ್ಳೋಣವೆಂದು ಇಡೀ ಗುಂಪು ಹಟ್ಟಿಗೆ ಓಡಿ, ಅಲ್ಲೇ ತಾಲೀಮು ಶುರು ಮಾಡಿತು. ಅವರು ತಲೆ ಎತ್ತದೆ ಕದಿರಿನಲ್ಲಿ ಉಣ್ಣೆ ನೂಲುತ್ತಿದ್ದರು.

ಮೊದಲು ಮಲ್ಲು ಕಂಬಳಿ ಹೊದ್ದು "ಯಾರಲ್ಲಿ!" ಎಂದ.

"ಏ ಸಾವಕಾರ, ಉಂಡೀಯೋ ಇಲ್ಲೊ? ಒಂದ ಮರಿನೂ ತಿರುಗಿ ನೋಡಲಿಲ್ಲ" ಎಂದು ಅಪ್ಪ ನಕ್ಕರು.

ಆಮೇಲೆ ಬೀರಣ್ಣ ಅದೇ ಮಾತನ್ನು ಗುಡುಗಿದ. ಮಲಗಿದ್ದ ಹಿಂಡೆಲ್ಲ ಒಮ್ಮೆಲೇ ಎದ್ದು ನಿಂತಿತು! ನಾವು ಕುಣಿದಾಡಿದೆವು. ಅಪ್ಪನ ಕದಿರೂ ನಿಂತಿತ್ತು.

"ನಾಟಕ ಆಗೂತನಕ ಇಲ್ಲೇ ಮೇಯಿಸ್ತೀನಿ. ಲಗೂನ ಮುಗಸ್ರಿ" ಎಂದರು.

ಮಲ್ಲು ಕಂಬಳಿಯನ್ನು ತಾನೇ ತೆಗೆದು ಬೀರಣ್ಣನ ಹೆಗಲಿಗೆ ಹಾಕಿದ. "ತಗೊಳ್ಳೊ ರಾಜಾ, ಭಾಳ ಕಡೀತೈತಿ."

ಗೌರಿಗೆ ಕಂಬಳಿ ಕೊಟ್ಟಿದ್ದೇನೆ. ನಾಳೆ ಸಂಜೆಯ ತಾಲೀಮು ಬೀರಣ್ಣನ ಮೊಮ್ಮಗನ ಕುರಿಹಟ್ಟಿಯಲ್ಲಿ.